ಚಿನ್ನದ ಗೇರಿನ ಲಾರಿ

ನಮ್ಮೂರಿನಲ್ಲಿ ಯಾರ ಮನೆಗಾದರೂ ಒಂದು ಚಿಟಿಕೆ ಏನನ್ನಾದರೂ ಕಳಿಸಬೇಕಾದರೆ ಯಾರೂ ಎದ್ದು ಹೋಗುವುದಿಲ್ಲ. ದೀಪ ಹಚ್ಚಿದ ಮೇಲೆ ಆಟಿಕೆಯ ಲಾರಿಗೆ ಮಾಲು ತುಂಬಿ, ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಲ್ಲಿಸಿ, ಹೋಗಬೇಕಾದ ಮನೆಯ ಹೆಸರು ಹೇಳಿ, ಕದ ಹಾಕಿಕೊಂಡು ಮಲಗಿಬಿಡುತ್ತೇವೆ. ಬೆಳಗಾಗುವಷ್ಟರಲ್ಲಿ ಲಾರಿ ಆ ಮನೆಯ ಹೊಸ್ತಿಲ ಮೇಲೆ ನಿಂತಿರುತ್ತದೆ. ಇಂಗು, ಮೆಂತ್ಯ, ಹೆಪ್ಪಿಗೆ ಒಂದು ಹನಿ ಮೊಸರು, ಕೂಸಿನ ಹೊಟ್ಟೆನೋವಿಗೆ ಬಜೆಬೇರಿನ ತುಂಡು, ಹೀಗೆ ಅಂಗೈಯಷ್ಟು ಲಾರಿಯಲ್ಲಿ ಹಿಡಿಸುವುದೆಲ್ಲ ಹೋಗುತ್ತದೆ. ಲಾರಿ ಲೋಹದ್ದಾಗಿರಬೇಕು, ಅಷ್ಟೆ. ಪ್ಲಾಸ್ಟಿಕ್ಕಿನದು ಗಟಾರದ ತನಕವೂ ಹೋಗುವುದಿಲ್ಲ. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಕೆಳಗೆ ಕುಡಿದವರ ಹಾಗೆ ಮಗ್ಗುಲಾಗಿ ಬಿದ್ದಿರುತ್ತದೆ.

ಲಾರಿ ಹೋಗುವುದನ್ನು ಕಂಡವರಿಲ್ಲ. ಕಾಣಲೇಬೇಕೆಂದು ಕದದ ಸಂದಿಗೆ ಕಣ್ಣಿಟ್ಟು ಕೂತವರ ಲಾರಿ ಕದಲುವುದೇ ಇಲ್ಲ, ಮೊಸರು ಅಲ್ಲೇ ಹುಳಿಯಾಗುತ್ತದೆ. ಆದ್ದರಿಂದ ಯಾರೂ ಆ ಗೊಡವೆಗೆ ಹೋಗುವುದಿಲ್ಲ. ನಮಗೆ ಬೇಕಾದದ್ದು ಮಾಲು ಮುಟ್ಟುವುದು.

ಇದಕ್ಕೆಲ್ಲ ಇರುವ ಕಟ್ಟಳೆ ಒಂದೇ. ಬಂದ ಲಾರಿಯನ್ನು ಖಾಲಿ ತಿರುಗಿಸಬಾರದು. ಏನೂ ಇಲ್ಲದ ಮನೆಯಾದರೂ ನಾಲ್ಕು ಕಾಳು ಜೋಳ ಹಾಕಿ ಕಳಿಸಬೇಕು. ಖಾಲಿ ಲಾರಿ ಬಂದು ನಿಂತಿತೆಂದರೆ ನಿನಗೂ ನನಗೂ ಇವತ್ತಿಗೆ ಮುಗಿಯಿತು ಎಂದು ಅರ್ಥ. ಬೇರೆ ಊರುಗಳಲ್ಲಿ ಓಣಿಯಲ್ಲಿ ನಿಂತು ಕೂಗಾಡಿ ಜಗಳ ತೆಗೆಯುತ್ತಾರಂತೆ. ನಮ್ಮಲ್ಲಿ ಹಾಗಿಲ್ಲ. ಬೆಳಿಗ್ಗೆ ಕದ ತೆಗೆದವಳು ಒಂದು ಗಳಿಗೆ ಹೊಸ್ತಿಲನ್ನೇ ನೋಡುತ್ತ ನಿಲ್ಲುತ್ತಾಳೆ, ಆಮೇಲೆ ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಾಳೆ. ಓಣಿಯವರಿಗೆ ಗೊತ್ತಾಗಿಬಿಡುತ್ತದೆ.

ಮದುವೆಯಾಗಿ ಬರುವ ಹೆಣ್ಣು ತವರಿನಿಂದ ರೊಟ್ಟಿ ಹಂಚಿನ ಜೊತೆ ಒಂದು ಲಾರಿಯನ್ನೂ ತರುತ್ತಾಳೆ. ನಾನು ತಂದದ್ದು ಹಸಿರು ಬಣ್ಣದ ಬೆಡ್‌ಫೋರ್ಡ್. ಹಿಂದೆ ತೆರೆದ ತೊಟ್ಟಿ, ಮುಂದೆ ಎರಡು ಸೀಟಿನ ಕ್ಯಾಬಿನ್ನು, ಕ್ಯಾಬಿನ್ನಿಗೆ ಉಗುರಿನಿಂದ ತೆಗೆಯಬಹುದಾದ ಎರಡು ಪುಟ್ಟ ಬಾಗಿಲು. ನಮ್ಮವ್ವ ಅದನ್ನು ಸೆರಗಿನಿಂದ ಒರೆಸಿ ನನ್ನ ಉಡಿಯಲ್ಲಿ ಹಾಕಿದ್ದಳು.

ಕೊಟ್ಟ ಮನೆಯಾದರೂ ಎಂಥದು ಅಂತೀರಿ. ನಮ್ಮವರು, ಗುರುಪಾದಪ್ಪನವರು, ಎಣ್ಣೆ ಗಿರಣಿಯಲ್ಲಿ ಶೇಂಗಾದ ಚೀಲ ತೂಗುವ ಕೆಲಸದಲ್ಲಿದ್ದವರು. ಹುಡುಗರಾಗಿದ್ದಾಗ ಅವರಿಗೆ ಲಾರಿಯ ಕ್ಲೀನರ್ ಆಗುವ ಆಸೆಯಿತ್ತು. ಒಬ್ಬ ಡ್ರೈವರನ ಕಾಲು ಹಿಡಿದು ಕೆಲಸಕ್ಕೆ ಸೇರಿಕೊಂಡೂ ಇದ್ದರು. ಲಾರಿ ಗಿರಣಿಯ ಗೇಟು ದಾಟಿ, ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವ ಮೊದಲೇ ಡ್ರೈವರನ ತೊಡೆಯ ಮೇಲೆ ವಾಂತಿ ಮಾಡಿಕೊಂಡು ಇಳಿದು ಮನೆಗೆ ನಡೆದುಕೊಂಡು ಬಂದರು. ಅಲ್ಲಿಂದ ಮುಂದೆ ಅವರು ಚಕ್ರವಿರುವ ಯಾವುದನ್ನೂ ಹತ್ತಿಲ್ಲ. ನಮ್ಮ ಮದುವೆಯ ಮೆರವಣಿಗೆಯಲ್ಲಿ ನಾನು ಎತ್ತಿನ ಗಾಡಿಯಲ್ಲಿ ಕೂತಿದ್ದೆ, ಮದುಮಗ ಪಕ್ಕದಲ್ಲಿ ನಡೆದು ಬಂದಿದ್ದ. ಪರ ಊರಿನ ಮದುವೆ ಮುಂಜಿ ಯಾವುದಕ್ಕೂ ಅವರು ಹೋದವರಲ್ಲ. ನಾನೊಬ್ಬಳೇ ಹೋಗಿ ಬರುತ್ತಿದ್ದೆ.

ಹತ್ತಲಾಗದ ಮೇಲೆ ಅವರು ಕೂಡಿಡಲು ಶುರುಮಾಡಿದರು. ಗಿರಣಿಗೆ ಬರುವ ಡ್ರೈವರ್‌ಗಳ ಕೈಯಲ್ಲಿ ಆ ಊರು ಈ ಊರಿನಿಂದ ಆಟಿಕೆ ಲಾರಿ ತರಿಸುವುದು, ಅವಕ್ಕೆ ಗಾಜಿನ ಕಪಾಟು ಮಾಡಿಸುವುದು. ಟ್ಯಾಂಕರು, ಟಿಪ್ಪರು, ಕಟ್ಟಿಗೆ ಸಾಗಿಸುವ ಉದ್ದನೆಯ ಲಾರಿ, ಬೆಂಕಿ ಆರಿಸುವ ಲಾರಿ. ಅದರ ಜೊತೆ ಲಾರಿ ಕಂಪನಿಗಳ ಹಳೆಯ ಕ್ಯಾಲೆಂಡರು, ಎಣ್ಣೆಯ ಡಬ್ಬಿ, ಕೀಲಿಕೈ ಗೊಂಚಲು. ಟಯರಿನ ಆಕಾರದ ಒಂದು ಬೂದಿಬಟ್ಟಲು ಇತ್ತು. ಮನೆಯಲ್ಲಿ ಬೀಡಿ ಸೇದುವವರಿಲ್ಲದ್ದರಿಂದ ನಾನು ಅದರಲ್ಲಿ ಅಡಿಕೆ ಹೋಳು ಇಡುತ್ತಿದ್ದೆ. ಹೊಸದಾಗಿ ಬಂದಾಗ ದೇವರ ಜಗಲಿಯ ಮೇಲೆ ಒಂದು ಬೆಳ್ಳಿ ಬಣ್ಣದ ಬಿಲ್ಲೆ ಕಂಡು, ಇವರ ಮನೆದೇವರ ಮುದ್ರೆ ಇರಬೇಕೆಂದು ವರ್ಷಗಟ್ಟಲೆ ವಿಭೂತಿ ಹಚ್ಚಿ ಕೈಮುಗಿದಿದ್ದೇನೆ. ಅದು ಯಾವುದೋ ಗುಜರಿ ಲಾರಿಯ ಮೂತಿಯಿಂದ ಬಿಚ್ಚಿ ತಂದ ಕಂಪನಿಯ ಬಿಲ್ಲೆ ಎಂದು ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೂ ಹಚ್ಚುವುದು ಬಿಡಲಿಲ್ಲ. ಅಷ್ಟು ದಿನ ಪೂಜೆ ಮಾಡಿಸಿಕೊಂಡದ್ದನ್ನು ಒಮ್ಮೆಲೇ ನಿಲ್ಲಿಸಿದರೆ ಏನಾದೀತೋ ಎಂದು ಭಯ.

ಅವರ ಶಾಸ್ತ್ರ ಬಲು ಬಿಗಿ. ಡಬ್ಬಿಯಲ್ಲಿ ಬಂದದ್ದನ್ನು ಡಬ್ಬಿಯಿಂದ ತೆಗೆಯಬಾರದು. ತೆಗೆದಿದ್ದರೆ ಬರಿಗೈಯಲ್ಲಿ ಮುಟ್ಟಬಾರದು. ಧೂಳನ್ನು ಬಟ್ಟೆಯಿಂದ ಒರೆಸಬಾರದು, ದಾಡಿ ಮಾಡುವ ಬ್ರಷ್ಷಿನಿಂದ ಆಡಿಸಬೇಕು. ಬಾಗಿಲು ತೆಗೆಯಲೇಬಾರದು, ತಿರುಗಣಿ ಸಡಿಲವಾಗುತ್ತದೆ. ಮಾಲು ತುಂಬಿ ಹೊಸ್ತಿಲಿಗೆ ಬಿಡುವುದಂತೂ ಅವರ ಲೆಕ್ಕದಲ್ಲಿ ಹಸುಗೂಸನ್ನು ಸಂತೆಗೆ ಬಿಟ್ಟ ಹಾಗೆ.

ಊರಿಗೆ ಇದು ಸರಿಬರಲಿಲ್ಲ. ಒಂದೊಂದು ಮನೆಯಲ್ಲಿ ಮೂರು ಚಕ್ರದ ಲಾರಿ ಕುಂಟುತ್ತ ಓಡಾಡುವಾಗ ಇವರ ಕಪಾಟಿನಲ್ಲಿ ಒಂದು ಹಿಂಡು ಲಾರಿಗಳು ಕೆಲಸವಿಲ್ಲದೆ ನಿಂತಿವೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಲಾರಿಗಳಿಗೂ ಸರಿಬರಲಿಲ್ಲ. ಇವರು ಅವನ್ನು ಸಾಲಾಗಿ ಒಂದರ ಹಿಂದೆ ಒಂದು ಮಗ್ಗುಲು ಕಾಣುವಂತೆ ಜೋಡಿಸಿಟ್ಟು ಮಲಗಿದರೆ, ಬೆಳಿಗ್ಗೆ ಅಷ್ಟೂ ಗಾಜಿಗೆ ಮೂತಿ ಒತ್ತಿ ಬೀದಿಯ ಕಡೆ ನಿಂತಿರುತ್ತಿದ್ದವು. ಇವರು ಹಲ್ಲುಜ್ಜಿ ಬಂದು, ಕೈಗೆ ಬಟ್ಟೆ ಸುತ್ತಿಕೊಂಡು, ಒಂದೊಂದನ್ನೇ ಮತ್ತೆ ತಿರುಗಿಸಿ ಇಡುತ್ತಿದ್ದರು. ಆಮೇಲೆ ಚಹ.

ಇನ್ನು ನನ್ನ ಹಸಿರು ಲಾರಿ ಆ ಕಪಾಟಿಗೆ ಹೋದ ಕಥೆ ಹೇಳಬೇಕು. ನನ್ನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಅಲ್ಲಿಂದಲೇ.

ನನಗೆ ಒಬ್ಬಳೇ ಅಕ್ಕ, ದ್ಯಾಮವ್ವ. ಅವಳನ್ನು ಕೊಟ್ಟದ್ದೂ ಇದೇ ಊರಿಗೆ, ಮೂರು ಓಣಿಯ ಆಚೆ. ನಮ್ಮವ್ವನ ಮೂಗಿನಲ್ಲಿ ಒಂದು ಬಂಗಾರದ ಮೂಗುತಿ ಇತ್ತು. ಎರಡು ಕೆಂಪು ಹರಳು, ನಡುವೆ ಒಂದು ಮುತ್ತು. ನಾನು ಮೊಲೆ ಕುಡಿಯುವ ಕೂಸಾಗಿದ್ದಾಗ ಕೈಹಾಕಿ ಆ ಮುತ್ತನ್ನು ಕಿತ್ತೆನಂತೆ. ಅದು ಎಲ್ಲಿ ಹೋಯಿತೋ ಸಿಗಲಿಲ್ಲ. ಅವ್ವ ಬೇರೆ ಮುತ್ತು ಹಾಕಿಸಲೂ ಇಲ್ಲ. ಯಾರಾದರೂ ಕೇಳಿದರೆ ಆ ಗುಣಿಯನ್ನು ಬೆರಳಿನಿಂದ ಮುಟ್ಟಿ, ಅದು ಪಾರಿಯ ಜಾಗ ಎಂದು ನನ್ನ ಹೆಸರು ಹೇಳುತ್ತಿದ್ದಳು. ತಾನು ಹೋದ ಮೇಲೆ ಮೂಗುತಿ ನನಗೆ ಎಂದು ಅಕ್ಕನೆದುರಿಗೇ ಹೇಳಿದ್ದಳು. ಅವ್ವ ತೀರಿಕೊಂಡಾಗ ಮೂಗುತಿಯನ್ನು ತೆಗೆದು ಸೆರಗಿಗೆ ಕಟ್ಟಿಕೊಂಡವಳು ಅಕ್ಕ. ದಿನಕರ್ಮ ಮುಗಿಯಿತು, ತಿಂಗಳು ಕಳೆಯಿತು, ಅಕ್ಕ ಆ ಮಾತೆತ್ತಲಿಲ್ಲ. ನಾನು ನನ್ನ ಮೂಗಿನಲ್ಲಿದ್ದ ಹಿತ್ತಾಳೆಯ ನತ್ತನ್ನು ತೆಗೆದು, ತೂತು ಮುಚ್ಚಬಾರದೆಂದು ಒಂದು ಬೇವಿನ ಕಡ್ಡಿಯನ್ನು ಸಿಕ್ಕಿಸಿಕೊಂಡೆ. ಬಂದರೆ ಅವ್ವನ ಮೂಗುತಿ ಬರಬೇಕು, ಇಲ್ಲವೆಂದರೆ ಕಡ್ಡಿಯೇ ಇರಲಿ ಎಂದು ಹಟ.

ಆ ಸಂಕ್ರಾಂತಿಗೆ ಹಸಿರು ಲಾರಿಯ ತುಂಬ ಕುಸುರೆಳ್ಳು ತುಂಬಿ ಅಕ್ಕನ ಹೆಸರು ಹೇಳಿ ಹೊಸ್ತಿಲಿಗೆ ಇಟ್ಟೆ. ಬೇರೆ ಮಾತಿಲ್ಲ. ಅಕ್ಕನಿಗೆ ತಿಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಲಾರಿ ಬಂದು ನಿಂತಿತ್ತು. ತೊಟ್ಟಿ ಖಾಲಿ. ಒಂದು ಎಳ್ಳಿನ ಕಾಳೂ ಇಲ್ಲ, ಒರೆಸಿದ ಹಾಗೆ ಇತ್ತು.

ನಾನು ಒಳಗೆ ಹೋಗಿ ಪಾತ್ರೆ ಇಟ್ಟ ಸದ್ದು ಮೂರು ಓಣಿಗೆ ಕೇಳಿಸಿರಬೇಕು. ನಾನು ಅಡುಗೆಮನೆಯಲ್ಲಿ ಅಳುತ್ತಿದ್ದರೆ ನಮ್ಮವರು ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಲಾರಿಯ ಬಣ್ಣ ಎಲ್ಲೆಲ್ಲಿ ಕಿತ್ತಿದೆ ಎಂದು ನೋಡುತ್ತಿದ್ದರು. ಇನ್ನು ಈ ಲಾರಿ ಯಾರ ಮನೆಗೂ ಹೋಗುವುದು ಬೇಡ, ನಿನಗೂ ನೋವು ಅದಕ್ಕೂ ನೋವು ಎಂದು ಹೇಳಿ ಅದನ್ನೆತ್ತಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನನಗೂ ಅದರ ಮುಖ ಬೇಡವಾಗಿತ್ತು. ಅಕ್ಕನ ಮಗಳು ಗಿರಿಜಾ ಆಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಮಕ್ಕಳಿಲ್ಲದ ನನ್ನ ಸೊಂಟದ ಮೇಲೆ ಬೆಳೆದ ಹುಡುಗಿ. ಮರುದಿನದಿಂದ ಅವಳೂ ನಮ್ಮ ಮನೆಯ ಮುಂದೆ ಹೋಗುವಾಗ ಆಚೆ ಮುಖ ಮಾಡಿ ಹೋಗತೊಡಗಿದಳು. ಮೆಲ್ಲಗೆ ಹೋಗುತ್ತಿದ್ದಳು, ಅದು ಬೇರೆ ಮಾತು.

ಅದಾಗಿ ಕೆಲವು ವರ್ಷಕ್ಕೆ ನಮ್ಮವರಿಗೆ ಒಂದು ಭೂತಗನ್ನಡಿ ಸಿಕ್ಕಿತು. ಒಂದು ಮಧ್ಯಾಹ್ನ ಕಪಾಟಿನ ಮುಂದೆ ಕೂತವರು ಊಟಕ್ಕೆ ಕರೆದರೂ ಏಳಲಿಲ್ಲ. ನನ್ನ ಹಸಿರು ಲಾರಿಯ ಕ್ಯಾಬಿನ್ನಿನ ಮಸುಕಾದ ಕಿಟಕಿಯ ಒಳಗೆ, ಸ್ಟೇರಿಂಗಿನ ಪಕ್ಕದಲ್ಲಿ, ಏನೋ ಹಳದಿಯಾಗಿ ಹೊಳೆಯುತ್ತಿದೆ ಎಂದರು. ಆ ಲಾರಿಗೆ ಹಿತ್ತಾಳೆಯ ಗೇರು ಇದೆ, ಜಗತ್ತಿನಲ್ಲಿ ಬೇರೆ ಯಾವ ಆಟಿಕೆ ಬೆಡ್‌ಫೋರ್ಡಿಗೂ ಇಲ್ಲ ಎಂದರು. ನನ್ನ ತವರಿನ ಲಾರಿಯ ಸುದ್ದಿ ಎತ್ತಿದ್ದಕ್ಕೇ ನನಗೆ ಸಿಟ್ಟು ಬಂದು, ಗೇರು ಇಟ್ಟುಕೊಂಡು ಏನು ಮಾಡುತ್ತೀರಿ, ರೊಟ್ಟಿ ಆರುತ್ತಿದೆ ಎಂದೆ.

ಅವರು ಪಟ್ಟಣದಲ್ಲಿದ್ದ ಆಟಿಕೆ ವಾಹನ ಕೂಡಿಸುವವರ ಸಂಘಕ್ಕೆ ಬರೆದರು. ಅಂಥ ಗೇರು ಇರಲಾರದೆಂದು ಸಂಘದವರು ತಿರುಗಿ ಬರೆದರು. ಇದೆ ಎಂದು ಇವರು, ಇಲ್ಲ ಎಂದು ಅವರು. ಬಾಗಿಲು ತೆಗೆದು ನೋಡಿ ಎಂದು ಅವರೂ ಹೇಳಲಿಲ್ಲ, ಏಕೆಂದರೆ ಅವರದೂ ಅದೇ ಶಾಸ್ತ್ರ. ಕಡೆಗೆ ಸಂಘದ ಕಾರ್ಯದರ್ಶಿ ಗಲಗಲಿಯವರು ತಾವೇ ಬಂದು ನೋಡುವುದಾಗಿಯೂ, ನಿಜವಾದರೆ ಆ ವರ್ಷದ ಸಂಘದ ಪುಸ್ತಕದ ಮುಖಪುಟಕ್ಕೆ ಲಾರಿಯ ಜೊತೆ ಗುರುಪಾದಪ್ಪನವರ ಫೋಟೋ ಹಾಕುವುದಾಗಿಯೂ ತಿಳಿಸಿದರು. ದಸರೆಯ ಬನ್ನಿ ಮುಡಿಯುವ ದಿನ ಬರುತ್ತಾರೆಂದು ಗೊತ್ತಾಯಿತು. ನಮ್ಮವರು ಅಂದಿನಿಂದ ಮೀಸೆಗೆ ಎಣ್ಣೆ ಹಚ್ಚತೊಡಗಿದರು.

ನನ್ನ ತಲೆಯಲ್ಲಿ ಇದ್ದದ್ದೇ ಬೇರೆ. ಗಿರಿಜಾಳಿಗೆ ಮದುವೆ ಗೊತ್ತಾಗಿತ್ತು. ದಸರೆ ಆದ ವಾರದಲ್ಲಿ, ಗಂಡಿನ ಊರಿನಲ್ಲಿ. ನಮ್ಮೂರಿನಲ್ಲಿ ಮದುವೆಗೆ ಕರೆಯುವುದೆಂದರೆ ಲಾರಿಯಲ್ಲಿ ಅಕ್ಷತೆ ಕಳಿಸುವುದು. ಅಕ್ಕನ ಮನೆಯ ಕೆಂಪು ಲಾರಿ ಒಂದು ದಿನ ಎಡಮನೆಯ ಹೊಸ್ತಿಲಲ್ಲಿ ಅಕ್ಷತೆ ಹೊತ್ತು ನಿಂತಿತ್ತು, ಇನ್ನೊಂದು ದಿನ ಬಲಮನೆಯಲ್ಲಿ. ಎದುರಿನ ಮನೆಯಲ್ಲಿ ಬಾಡಿಗೆಗೆ ಬಂದು ಹದಿನೈದು ದಿನವೂ ಆಗಿರದ ಲೈನ್‌ಮನ್ನನಿಗೂ ಬಂತು. ನಾನು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕದ ತೆಗೆಯುತ್ತಿದ್ದೆ. ಹೊಸ್ತಿಲು ನಾನು ಹಿಂದಿನ ದಿನ ಸಾರಿಸಿದಂತೆಯೇ ಇರುತ್ತಿತ್ತು. ಗಿರಿಜಾಳ ತಲೆಯ ಮೇಲೆ ನಾಲ್ಕು ಕಾಳು ಹಾಕಲು ನನಗೆ ಕರೆ ಬರುವುದಿಲ್ಲವೆಂದು ಮನಸ್ಸಿಗೆ ಹತ್ತಿತು. ಬೇವಿನ ಕಡ್ಡಿ ಬದಲಿಸುವಾಗ ಮೂಗು ಉರಿಯುತ್ತಿತ್ತು.

ಹಬ್ಬದ ಮುನ್ನಾದಿನ ಬಳೆಗಾರ ಇಮಾಮಸಾಬ ಬಂದ. ಊರಿನ ಲಾರಿಗಳ ಮುರಿದ ಅಚ್ಚುಗಳಿಗೆ ಕೊಡೆಯ ಕಡ್ಡಿ ಹಾಕಿ ರಿಪೇರಿ ಮಾಡುವವನು ಅವನೇ. ಬನ್ನಿ ಮುಡಿಯುವ ದಿನ ಎಲ್ಲರೂ ಎಲ್ಲರಿಗೂ ಬನ್ನಿ ಎಲೆ ಕಳಿಸಬೇಕು, ಇರುವ ಲಾರಿಗಳು ಸಾಲುವುದಿಲ್ಲ, ಒಂದು ರಾತ್ರಿಯ ಮಟ್ಟಿಗೆ ನಿಮ್ಮವನ್ನು ಕೊಡಿ ಎಂದು ಕೇಳಿದ. ನಮ್ಮವರು ಕಪಾಟಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

“ಇವು ದುಡಿಯೂ ಲಾರಿ ಅಲ್ಲ ಇಮಾಮಸಾಬ. ಇವು ನೋಡೂ ಲಾರಿ.”

“ಆ ಮಾತು ನನಗ್ಯಾಕ ಹೇಳ್ತೀರಿ ಯಜಮಾನ್ರ,” ಎಂದ ಇಮಾಮಸಾಬ, ಅವರ ಹೆಗಲ ಮೇಲಿಂದ ಇಣುಕಿ. “ಅವಕ್ಕ ಹೇಳ್ರಿ. ಬೆನ್ನ ತಿರುಗಿಸಿದ ಕೂಡ್ಲೇ ಬೀದಿ ನೋಡಾಕತ್ತಾವ.”

ನಮ್ಮವರು ತಿರುಗಿ ನೋಡಲಿಲ್ಲ. ನೋಡಿದ್ದರೆ ಒಪ್ಪಿಕೊಳ್ಳಬೇಕಾಗುತ್ತಿತ್ತು.

ಬನ್ನಿಯ ದಿನ ಗಲಗಲಿಯವರು ಬಂದರು. ಅಡ್ಡದಾರಿಯ ತನಕ ಬಸ್ಸು, ಅಲ್ಲಿಂದ ನಡಿಗೆ. ಕೋಟು, ಟೋಪಿ, ಬಗಲಲ್ಲಿ ಚರ್ಮದ ಚೀಲ. ಚೀಲದಲ್ಲಿ ತಮ್ಮದೇ ಬಟ್ಟೆ, ಬ್ರಷ್ಷು, ಬೆರಳುದ್ದದ ಟಾರ್ಚು. ಬಲು ಸೌಮ್ಯ ಮನುಷ್ಯ. ನೀರು ಕುಡಿಯುತ್ತ ತಮ್ಮ ಮನೆಯ ಒಂದು ಜೀಪಿನ ಕಥೆ ಹೇಳಿದರು. ಅವರ ತಂದೆಯ ಕಾಲದ್ದಂತೆ, ಡಬ್ಬಿ ಒಡೆದಿಲ್ಲವಂತೆ. ಡಬ್ಬಿಯ ಮೇಲೂ ಚಿತ್ರವಿಲ್ಲವಾದ್ದರಿಂದ ಒಳಗಿರುವುದು ಜೀಪು ಹೌದೋ ಅಲ್ಲವೋ ಯಾರೂ ನೋಡಿಲ್ಲವಂತೆ. ಆದರೂ ಅಲ್ಲಾಡಿಸಿದರೆ ಜೀಪಿನ ಹಾಗೇ ಸದ್ದಾಗುತ್ತದೆ ಎಂದರು. ನಮ್ಮವರು ಭಕ್ತಿಯಿಂದ ತಲೆದೂಗಿದರು.

ಹಸಿರು ಲಾರಿಯನ್ನು ಬಟ್ಟೆಯ ಮೇಲಿಟ್ಟು ಗಲಗಲಿಯವರು ಕಿಟಕಿಗೆ ಟಾರ್ಚು ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಒಲೆಯ ಮುಂದೆ ಮಂಡಕ್ಕಿಯ ಸುಸಲಾ ಮಾಡುತ್ತಿದ್ದೆ, ಮಾತು ಕೇಳುತ್ತಿತ್ತು.

“ಗುರುಪಾದಪ್ಪನವರ, ನೀವು ಬರದದ್ದು ತಪ್ಪದ,” ಎಂದರು ಗಲಗಲಿ. ನಮ್ಮವರು ಕುರ್ಚಿ ಸರಿಸಿ ಎದ್ದದ್ದು ನನಗೆ ಒಳಗೇ ಕೇಳಿಸಿತು. “ಇದು ಹಿತ್ತಾಳಿ ಅಲ್ರೀ. ಬಂಗಾರ ಅದ.”

ನಮ್ಮವರು ಶೇಂಗಾದ ಚೀಲ ಇಳಿಸಿದ ಹಾಗೆ ಕುರ್ಚಿಯಲ್ಲಿ ಕೂತ ಸದ್ದಾಯಿತು. ಗಲಗಲಿಯವರು ಕನ್ನಡಿ ತೆಗೆಯದೆ ಮಾತಾಡುತ್ತಲೇ ಇದ್ದರು. ಗೇರಿಗೆ ಕೆಂಪು ಹರಳು ಕೂಡಿಸಿದ್ದಾರೆ, ಒಂದಲ್ಲ, ಎರಡು. ಕಂಪನಿಯ ದೊಡ್ಡ ಸಾಹೇಬ ಯಾರೋ ತನ್ನ ಮಗನಿಗೆಂದು ಹೇಳಿ ಮಾಡಿಸಿದ್ದಿರಬೇಕು. ನಡುವೆ ಒಂದು ಮುತ್ತೂ ಇದ್ದಂತೆ ಕಾಣುತ್ತದೆ, ಉದುರಿಹೋಗಿ ಗುಣಿಯಷ್ಟೇ ಉಳಿದಿದೆ.

ಸುಸಲಾದ ಸೌಟು ಕೈಯಲ್ಲಿ ಹಿಡಿದೇ ನಾನು ಹೊರಗೆ ಬಂದೆ. ಆ ಕನ್ನಡಿ ಸ್ವಲ್ಪ ಇಲ್ಲಿ ಕೊಡಿ ಎಂದು ಕೈ ಚಾಚಿದೆ. ಪರಪುರುಷರ ಮುಂದೆ ನಾನು ಹಾಗೆ ಬಂದವಳಲ್ಲ. ಗಲಗಲಿಯವರು ಗಾಬರಿಯಾಗಿ ಕೊಟ್ಟುಬಿಟ್ಟರು. ಬಗ್ಗಿ ನೋಡಿದೆ. ಮಸುಕು ಗಾಜಿನ ಆಚೆ, ಡ್ರೈವರನ ಬಾಜೂ ಸೀಟಿನಲ್ಲಿ, ಬೆನ್ನು ಆನಿಸಿ ನೆಟ್ಟಗೆ, ಅವ್ವ ಜಾತ್ರೆಗೆ ಹೊರಟಾಗ ಕೂಡುತ್ತಿದ್ದ ಹಾಗೆಯೇ, ಅವ್ವನ ಮೂಗುತಿ ಕೂತಿತ್ತು. ನಡುವೆ ಪಾರಿಯ ಜಾಗ.

ನನಗೆ ಮೊದಲು ಬಂದದ್ದು ಅಳುವಲ್ಲ, ನಗು. ಖಾಲಿ ಲಾರಿ ಅಂತ ನಾನು ಇಷ್ಟು ವರ್ಷ ಹಲ್ಲು ಕಡಿದದ್ದು ಹಿಂದಿನ ತೊಟ್ಟಿಯನ್ನು ನೋಡಿ. ಅಕ್ಕ ಅವ್ವನನ್ನು ಮುಂದೆ ಕೂಡಿಸಿ ಕಳಿಸಿದ್ದಳು. ಆ ಮೇಲೆ ಅವಳೂ ದಿನಾ ಬೆಳಿಗ್ಗೆ ಕದ ತೆಗೆದು ನೋಡಿರಬೇಕು, ಮೂಗುತಿ ಮುಟ್ಟಿತು ಅಕ್ಕಾ ಎಂದು ನಾಲ್ಕು ಕಾಳಾದರೂ ಬರುತ್ತದೆಂದು. ಬಂದಿರಲಿಲ್ಲ.

“ಬಾಗಿಲಾ ತಗೀರಿ,” ಎಂದೆ ನಮ್ಮವರಿಗೆ. “ಅದು ಗೇರ್ ಅಲ್ಲ. ನಮ್ಮವ್ವನ ಮೂಗುತಿ.”

ಇಬ್ಬರೂ ನನ್ನನ್ನೇ ನೋಡಿದರು. ಗಲಗಲಿಯವರು ಮೊದಲು ಚೇತರಿಸಿಕೊಂಡರು. ಮೂಗುತಿಯೇ ಇದ್ದರೂ ಇರಬಹುದು, ಆದರೆ ತೆಗೆಯುವ ಮುಂಚೆ ಯೋಚನೆ ಮಾಡಬೇಕು, ಮೂಗುತಿ ಇರುವ ಬೆಡ್‌ಫೋರ್ಡ್ ಜಗತ್ತಿನಲ್ಲಿ ಇದೊಂದೇ, ಮೂಗುತಿ ಮಾದರಿ ಎಂದೇ ಬರೆದುಕೊಳ್ಳೋಣ, ಮುಖಪುಟಕ್ಕೆ ಏನೂ ತೊಂದರೆಯಿಲ್ಲ. ತೆಗೆದರೆ ಮಾತ್ರ ಇದು ಬಣ್ಣ ಕಿತ್ತ ಒಂದು ಮಾಮೂಲಿ ಲಾರಿ ಎಂದು ಸಮಾಧಾನದಿಂದ ವಿವರಿಸಿದರು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ನಮ್ಮವರು ಲಾರಿಯನ್ನು ಬಟ್ಟೆಯ ಸಮೇತ ಕೈಗೆ ತೆಗೆದುಕೊಂಡಿದ್ದರು. ಬಾಗಿಲು ತೆಗೆದರೆ ತಿರುಗಣಿ ಹೋದೀತು ಎಂದರು, ಯಾರಿಗೆಂದಿಲ್ಲದೆ. ಮೀಸೆಗೆ ಹಚ್ಚಿದ ಎಣ್ಣೆ ಬೆವರಿನ ಜೊತೆ ಇಳಿಯುತ್ತಿತ್ತು. ಹತ್ತಲಾಗದ ಲಾರಿಗಳ ನಡುವೆಯೇ ಸವೆದ ಜನ್ಮ; ಅದರಲ್ಲಿ ಒಂದೇ ಒಂದು ಸಲ ಮುಖಪುಟ. ನನಗೆ ಅದು ತಿಳಿಯದ್ದೇನಲ್ಲ. ಕಸಿದುಕೊಳ್ಳಬಹುದಾಗಿತ್ತು, ಕಸಿಯಲಿಲ್ಲ. ಸೌಟು ಹಿಡಿದು ನಿಂತೇ ಇದ್ದೆ.

ಅವರು ಒಮ್ಮೆ ಲಾರಿಯನ್ನು ನೋಡಿದರು, ಒಮ್ಮೆ ನನ್ನ ಮೂಗಿನಲ್ಲಿದ್ದ ಬೇವಿನ ಕಡ್ಡಿಯನ್ನು ನೋಡಿದರು. ಅದನ್ನು ಅವರು ದಿನಾ ಊಟಕ್ಕೆ ಕೂತಾಗ ನೋಡುತ್ತಿದ್ದರು. ಆದರೆ ಆವತ್ತು ಕಣ್ಣಿನಲ್ಲೇ ಭೂತಗನ್ನಡಿ ಇತ್ತೋ ಏನೋ.

“ಸರ್ಕೋರಿ, ಬೆಳಕ ಬರ್ಲಿ,” ಎಂದು ಗಲಗಲಿಯವರಿಗೆ ಹೇಳಿ, ಕೈಯಲ್ಲಿದ್ದ ಬಟ್ಟೆ ಸರಿಸಿ, ಬರಿಯ ಉಗುರಿನಿಂದ ಕ್ಯಾಬಿನ್ನಿನ ಬಾಗಿಲು ತೆಗೆದರು. ತಿರುಗಣಿ ಕಿರ್ ಎಂದಿತು. ಏನೂ ಆಗಲಿಲ್ಲ. ನಾನು ತುರುಬಿನ ಪಿನ್ನು ಕೊಟ್ಟೆ. ಮೂಗುತಿಯನ್ನು ಎಬ್ಬಿಸಿ ಅವರೇ ನನ್ನ ಅಂಗೈಯಲ್ಲಿಟ್ಟರು. ನಾನು ಆಚೆ ತಿರುಗಿ ಕಡ್ಡಿ ತೆಗೆದು ಅದನ್ನು ಹಾಕಿಕೊಂಡು ಈಚೆ ತಿರುಗಿದೆ.

ಗಲಗಲಿಯವರು ಟಾರ್ಚು ಆರಿಸಿದರು. “ಗೇರ್ ಚಲೋ ಕೂತದರೀ ಅವ್ವಾರ,” ಎಂದರು. ಸೌಮ್ಯ ಮನುಷ್ಯ ಎಂದು ಆಗಲೇ ಹೇಳಿದೆನಲ್ಲ. ಎರಡು ಸಲ ಸುಸಲಾ ಹಾಕಿಸಿಕೊಂಡು ತಿಂದು, ಮುಖಪುಟಕ್ಕೆ ತಮ್ಮ ಜೀಪಿನ ಡಬ್ಬಿಯನ್ನೇ ಹಾಕಬೇಕಾದೀತು ಎಂದು ಹೇಳಿ ಹೊರಟುಹೋದರು.

ಅವರು ಓಣಿ ದಾಟುವ ಮುಂಚೆ ನಾನು ಸೆರಗು ಹೊದ್ದು ಅಕ್ಕನ ಮನೆಗೆ ಹೊರಟಿದ್ದೆ. ಮೊದಲ ಓಣಿಯ ಮೂಲೆಗೆ ಹೋಗಿ ನಿಂತೆ. ಹೋಗಿ ಏನೆಂದು ಹೇಳುವುದು? ಇಂಥದನ್ನೆಲ್ಲ ಬಾಯಿಂದ ಆಡುವ ರೂಢಿ ನಮ್ಮೂರಿನವರಿಗೆ ಇಲ್ಲ, ನಾಲಿಗೆ ಹೊರಳುವುದಿಲ್ಲ. ಮೇಲಾಗಿ ಅಕ್ಕನಿಗೆ ನಾನು ಒಂದು ಲಾರಿ ಮಾಲು ಬಾಕಿ ಉಳಿಸಿಕೊಂಡಿದ್ದೆ. ತಿರುಗಿ ಮನೆಗೆ ಬಂದೆ.

ದೀಪ ಹಚ್ಚಿದ ಮೇಲೆ ಹಸಿರು ಲಾರಿಯನ್ನು ಹೊಸ್ತಿಲಿಗೆ ತಂದು ತೊಟ್ಟಿಯ ತುಂಬ ಬನ್ನಿ ಎಲೆ ತುಂಬಿದೆ. ಆಮೇಲೆ ಕ್ಯಾಬಿನ್ನಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಏನು ಕೂಡಿಸಲಿ ಎಂದು ಯೋಚನೆಗೆ ಬಿದ್ದೆ. ಅಂಥ ಸೀಟಿನಲ್ಲಿ ಕೂಡುವ ಯೋಗ್ಯತೆಯ ವಸ್ತು ನನ್ನ ಮನೆಯಲ್ಲಿ ಯಾವುದಿದೆ. ಕಡೆಗೆ ಮೂಗಿನಿಂದ ತೆಗೆದ ಬೇವಿನ ಕಡ್ಡಿಯನ್ನು ತೊಳೆದು ಅಲ್ಲಿ ಕೂಡಿಸಿದೆ. ಅಕ್ಕನ ಹೆಸರು ಹೇಳಿ ಕದ ಹಾಕಬೇಕೆಂದಿದ್ದಾಗ ನಮ್ಮವರು ಸ್ವಲ್ಪ ತಡೆ ಎಂದರು. ಹಿಂದೆ ನೋಡಿದರೆ ಕಪಾಟಿನ ಬಾಗಿಲು ತೆರೆದಿತ್ತು.

“ಹೆಂಗೂ ಒಂದರ ಬಾಗಿಲಾ ತಗದಾತು,” ಎಂದರು, ಟಿಪ್ಪರನ್ನು ಎದೆಗವಚಿಕೊಂಡು. “ಆ ಇಮಾಮಸಾಬನ್ನ ಕರಿ. ನಿಧಾನ ಹಿಡೀಬೇಕು ಅಂತ ಹೇಳು.”

ಆ ಸಂಜೆ ಓಣಿಯವರೆಲ್ಲ ಬಂದು ಒಂದೊಂದು ಲಾರಿ ಒಯ್ದರು. ಒಯ್ಯುವಾಗ ಪ್ರತಿಯೊಬ್ಬರಿಗೂ ನಮ್ಮವರು ಬಣ್ಣದ ಬಗ್ಗೆ ಬುದ್ಧಿ ಹೇಳಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಡಬ್ಬಿ ಒಡೆಯದ ಒಂದು ಹಾಲಿನ ಟ್ಯಾಂಕರನ್ನು ಮಾತ್ರ ಕೊಡಲಾರೆನೆಂದು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದರು. ಬೆಳಿಗ್ಗೆ ಎದ್ದಾಗ ಡಬ್ಬಿಯ ಒಂದು ಮಗ್ಗುಲು ಒಳಗಿನಿಂದ ಹರಿದಿತ್ತು. ಟ್ಯಾಂಕರು ಇಮಾಮಸಾಬನ ಹೊಸ್ತಿಲಲ್ಲಿ ಸಿಕ್ಕಿತು. ಅದಕ್ಕೆ ಮಾಲು ತುಂಬಿದವರು ಯಾರೂ ಇರಲಿಲ್ಲ, ಸುಮ್ಮನೆ ಹೋಗಿ ನಿಂತಿತ್ತು.

ಆ ಬೆಳಿಗ್ಗೆ ನಾನು ಕದ ತೆಗೆದಾಗ ನಮ್ಮ ಹೊಸ್ತಿಲು ಬರಿದಾಗಿತ್ತು. ಅದು ಸರಿಯೇ, ಹೋದ ಲಾರಿ ತಿರುಗಲು ಇನ್ನೊಂದು ರಾತ್ರಿ ಬೇಕು. ಗೊತ್ತಿದ್ದರೂ ಆ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮವರು ತುಟಿಪಿಟಕ್ಕೆನ್ನದೆ ಉಂಡರು. ಮರುದಿನ ಇನ್ನೂ ಕೋಳಿ ಕೂಗುತ್ತಿದ್ದಾಗ ಕದ ತೆಗೆದೆ. ಹಸಿರು ಲಾರಿ ಬಂದು ನಿಂತಿತ್ತು. ತೊಟ್ಟಿಯಲ್ಲಿ ಕೆಳಗೆ ಚೆಲ್ಲುವಷ್ಟು ಅಕ್ಷತೆ, ಅರಿಸಿನ ಇನ್ನೂ ಹಸಿ. ಈ ಸಲ ನಾನು ಮೊದಲು ಮುಂದಿನ ಬಾಗಿಲು ತೆಗೆದೆ. ಸೀಟಿನಲ್ಲಿ ಸಣ್ಣಗೆ, ಕರ್ರಗೆ, ತಲೆ ಮೇಲೆ ಮಾಡಿ ಯಾರೋ ಕೂತಿದ್ದರು.

ನಮ್ಮವರನ್ನು ಕರೆದೆ. ಅವರು ಭೂತಗನ್ನಡಿ ತಂದು ಹೊಸ್ತಿಲಲ್ಲಿ ಬೋರಲಾಗಿ ಮಲಗುವುದೊಂದೇ ಬಾಕಿ, ಅಷ್ಟು ಬಗ್ಗಿ ನೋಡಿದರು.

“ಡ್ರೈವರ್ ಇದ್ದಂಗ ಐತಿ,” ಎಂದರು.

ಅದು ಲವಂಗ. ಬಾಯಲ್ಲಿಟ್ಟುಕೊಂಡರೆ ಪ್ರಯಾಣದಲ್ಲಿ ವಾಂತಿ ಬರುವುದಿಲ್ಲವೆಂದು ನಮ್ಮವ್ವ ಹೇಳುತ್ತಿದ್ದದ್ದು. ಅಕ್ಷತೆ ನನಗೆ, ಲವಂಗ ಅವರಿಗೆ. ಮದುವೆಗೆ ಒಬ್ಬಳೇ ಬಂದರೆ ನಡೆಯುವುದಿಲ್ಲ ಎಂದು ಅಕ್ಕ ಹೇಳಿದ ಹಾಗಾಯಿತು. ನಮ್ಮವರು ಲವಂಗವನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿದರು. ಕಪಾಟಿನಲ್ಲಿ ಇಡುತ್ತಾರೇನೋ ಎಂದುಕೊಂಡೆ. ಅಂಗಿಯ ಕಿಸೆಯಲ್ಲಿ ಹಾಕಿಕೊಂಡರು.

ಮದುವೆಯ ಬಸ್ಸು ಅಕ್ಕನ ಮನೆಯ ಮುಂದೆ ನಿಂತಿತ್ತು. ಅಕ್ಕ ಬಸ್ಸಿನ ಮೆಟ್ಟಿಲ ಹತ್ತಿರ ಬುಟ್ಟಿಗಳನ್ನು ಎಣಿಸುತ್ತಿದ್ದಳು. ಕೂದಲು ನೆರೆತಿತ್ತು. ನನ್ನನ್ನು ನೋಡಿದಳು, ಮೂಗನ್ನು ನೋಡಿದಳು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆಗೆಯುವಷ್ಟರಲ್ಲಿ ಅವಳೇ ಬೈದಳು.

“ಅವ್ವನ್ನ ಹಿಂದ ಮಾಲಿನ ಜೋಡಿ ಹಾಕಿ ಕಳಸ್ಲೇನ ಪಾರಿ? ಮುಂದ ಕುಂದರಿಸಿದ್ದೆ. ಮುಂದ ನೋಡಬೇಕನ್ನೂ ಬುದ್ಧಿ ಬ್ಯಾಡ ನಿನಗ?”

ನಾನು ನೋಡಲಿಲ್ಲಕ್ಕ ಎಂದೆ. ಅಷ್ಟೇ. ಬಸ್ಸಿನೊಳಗಿನಿಂದ ಗಿರಿಜಾ ಚಿಕ್ಕವ್ವಾ ಎಂದು ಕೂಗಿ ತನ್ನ ಪಕ್ಕದ ಜಾಗ ತಟ್ಟಿ ತೋರಿಸುತ್ತಿದ್ದಳು. ನಮ್ಮವರು ಬಸ್ಸಿನ ಟಯರಿನ ಮೇಲಿದ್ದ ಕಂಪನಿಯ ಹೆಸರು ಓದುತ್ತ ಹೊರಗೇ ನಿಂತಿದ್ದರು. ಹತ್ತುವ ಲಕ್ಷಣ ಕಾಣಲಿಲ್ಲ. ಅಕ್ಕ ಹೋಗಿ ಅವರ ತೋಳು ಹಿಡಿದು ತಂದಳು. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆ ಎಂದು ಅವರಿಗಾಗಿ ಡ್ರೈವರನ ಬಾಜೂ ಸೀಟು ಹಿಡಿದಿಟ್ಟು, ಅದರ ಮೇಲೆ ಯಾರೂ ಕೂಡಬಾರದೆಂದು ಬೀಗರ ಹಣ್ಣಿನ ಬುಟ್ಟಿ ಇಟ್ಟಿದ್ದಳು. ಬುಟ್ಟಿ ಇಳಿಸಿ ಅವರನ್ನು ಕೂಡಿಸಿದಳು.

ನಮ್ಮವರು ಕಿಸೆಯಿಂದ ಲವಂಗ ತೆಗೆದು ಬಾಯಿಗೆ ಹಾಕಿಕೊಂಡು, ಬೆನ್ನು ಆನಿಸಿ, ನೆಟ್ಟಗೆ ಕೂತರು. ಬಸ್ಸು ಹೊರಟಿತು. ನಾನು ಹಿಂದಿನಿಂದ ಅವರ ಕುತ್ತಿಗೆಯನ್ನೇ ನೋಡುತ್ತಿದ್ದೆ. ಅವರು ಡ್ರೈವರನ ಕೈಕೆಳಗಿನ ಗೇರನ್ನೇ ನೋಡುತ್ತಿದ್ದರು. ಬಸ್ಸು ಎರಡನೇ ಗೇರಿನಲ್ಲಿ ಗುರುಗುಡುತ್ತಿರುವಾಗಲೇ ಎಣ್ಣೆ ಗಿರಣಿಯ ಗೇಟು ಬಂತು. ಡ್ರೈವರನ ಕೈ ಗೇರಿನ ಮೇಲೆ ಹೋಯಿತು. ಗೇಟು ಹಿಂದೆ ಸರಿಯಿತು. ಆಗ ನಮ್ಮವರು, ಬಾಯಿ ಬಿಗಿಯಾಗಿ ಮುಚ್ಚಿಕೊಂಡೇ, ಹಿಂದೆ ತಿರುಗದೆ, ನನಗೆ ಕಾಣುವಂತೆ ತಲೆಯ ಮೇಲೆ ಕೈಯೆತ್ತಿ ಮೂರು ಬೆರಳು ತೋರಿಸಿದರು.